ಮಾಲೆ ಹಾಕಿದ ಕಾರಿಗೆ ಒಂದು ವಾರದ ಬಾಡಿಗೆ

ವಸೂಲಿ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನನ್ನ ಅಕ್ಕ ಕಲಾವತಿಯ ಕಾರು ಬರ್ಲಿಂಗ್ಟನ್ನಿನ ನಿಮ್ಮ ಪಾರ್ಕಿಂಗ್ ಜಾಗದಲ್ಲಿ ಒಂದು ವಾರ ಅಲುಗಾಡದೆ ನಿಂತಿತ್ತು ಎಂದು ಬರೆದಿದ್ದೀರಿ. ಅದು ಸುಳ್ಳು. ಆ ಸುಳ್ಳಿಗೆ ಬಾಡಿಗೆ, ಬಾಡಿಗೆಗೆ ದಂಡ, ದಂಡಕ್ಕೆ ಬಡ್ಡಿ, ಇಷ್ಟನ್ನೂ ತಿಳಿಸಿದ್ದಕ್ಕೆ ಅಂಚೆ ವೆಚ್ಚ ಸೇರಿಸಿ ಆರುನೂರು ಚಿಲ್ಲರೆ ಡಾಲರ್ ಕೇಳುತ್ತಿದ್ದೀರಿ. ಇಂಗ್ಲಿಷಿನಲ್ಲಿ ಮೂರು ಸಲ ಉತ್ತರಿಸಿದೆ. ಯಾರೂ ಓದಿದ ಲಕ್ಷಣ ಕಾಣಲಿಲ್ಲ. ಹೇಗೂ ಓದದವರಿಗೆ ಬರೆಯುವುದಾದರೆ ನನಗೆ ಸಲೀಸಾದ ಭಾಷೆಯಲ್ಲೇ ಬರೆಯುತ್ತೇನೆ. ನೀವು ಓದದಿದ್ದರೂ ಇಲ್ಲಿಯ ನಮ್ಮ ಕನ್ನಡ ಸಂಘದ ಪತ್ರಿಕೆಯ ಓದುಗರು ಓದುತ್ತಾರೆ. ಅವರಲ್ಲಿ ಹಲವರ ಮನೆಯಲ್ಲಿ ನಿಮ್ಮ ಲಕೋಟೆ ಬಿದ್ದಿದೆ.

ಅಕ್ಕನ ಮನೆ ಜಾರ್ಜ್‌ಟೌನಿನಲ್ಲಿ, ಕೆಲಸ ಬರ್ಲಿಂಗ್ಟನ್ನಿನ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ. ವರ್ಷಗಟ್ಟಲೆ ಬೇರೆಯವರ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು, ಇಳಿಯುವಾಗ ಪ್ರತಿದಿನ ಥ್ಯಾಂಕ್ಸ್ ಹೇಳಿ ಹೇಳಿ ಸಾಕಾಗಿ, ಅರವತ್ತರ ಹತ್ತಿರ ಡ್ರೈವಿಂಗ್ ಕಲಿತು ತನ್ನ ದುಡ್ಡಿನಲ್ಲಿ, ತನ್ನ ಹೆಸರಿನಲ್ಲಿ ಕಾರು ಕೊಂಡವಳು. ಹೊಸ ಕಾರನ್ನು ಪೂಜೆ ಮಾಡಿಸದೆ ಓಡಿಸುವುದುಂಟೇ? ನೀವು ಹೇಳುವ ಆ ವಾರದ ಮೊದಲ ದಿನ, ಭಾನುವಾರ, ನಿಮ್ಮ ಜಾಗದ ಪಕ್ಕದ ಸಭಾಂಗಣದಲ್ಲಿ ಸಂಘದ ಕಾರ್ಯಕ್ರಮವಿತ್ತು. ಯಂತ್ರಕ್ಕೆ ಇಡೀ ಹಗಲಿನ ದುಡ್ಡು ಕಟ್ಟಿಯೇ ಕಾರು ನಿಲ್ಲಿಸಿದಳು. ಭಟ್ಟರು ಅಲ್ಲೇ ಪೂಜೆ ಮಾಡಿದರು. ಚಕ್ರದಡಿ ಲಿಂಬೆಹಣ್ಣು, ಮುಂದೊಂದು ಹಿಂದೊಂದು ಚೆಂಡುಹೂವಿನ ಮಾಲೆ; ಮಾಲೆ ಅಕ್ಕನೇ ಕಟ್ಟಿದ್ದು.

“ಸ್ವಲ್ಪ ಮೇಲೆ ಕಟ್ಟುವ, ಅಕ್ಕ, ನಂಬರ್ ಪ್ಲೇಟು ಕಾಣುವುದಿಲ್ಲ” ಎಂದೆ.

“ಸುಮ್ಮನಿರು ಮಾರಾಯ, ನಂಬರು ಯಾರಿಗೆ ಬೇಕು? ಹೂವು ಕಾಣಲಿ!”

ನಂಬರು ಯಾರಿಗೆ ಬೇಕಿತ್ತು ಎಂಬುದು ಈಗ ಗೊತ್ತಾಗಿದೆ. ಬಂದು ಹೋಗುವ ಕಾರುಗಳ ನಂಬರು ಬರೆದುಕೊಳ್ಳುವ ನಿಮ್ಮ ಕ್ಯಾಮೆರಾ ಕಾರು ಒಳಬರುವುದನ್ನು ನೋಡಿತು. ಹೊರಹೋಗುವಾಗ ನೋಡಿದ್ದು ಹೂವು ಮಾತ್ರ. ಪ್ಲೇಟು ಮುಚ್ಚಿ ರಸ್ತೆಗಿಳಿದದ್ದು ತಪ್ಪೇ. ಪೊಲೀಸರು ದಂಡ ಹಾಕಿದ್ದರೆ ತಲೆ ತಗ್ಗಿಸಿ ಕಟ್ಟುತ್ತಿದ್ದೆವು. ಆದರೆ ಹೂವಿನ ತಪ್ಪಿಗೆ ನೆಲಬಾಡಿಗೆ ಯಾವ ನ್ಯಾಯ? ಮುಂದಿನ ಭಾನುವಾರ ಅಕ್ಕ ಭಜನೆಗೆಂದು ಮತ್ತೆ ಅಲ್ಲಿಗೇ ಬಂದಳು, ಮತ್ತೆ ದುಡ್ಡು ಕಟ್ಟಿದಳು. ಕ್ಯಾಮೆರಾ ಮತ್ತೆ ‘ಒಳಗೆ’ ಎಂದು ಬರೆದುಕೊಂಡಿತು. ಆ ಸಂಜೆ ಹೊರಟಾಗ ಪ್ಲೇಟು ಕಂಡು ‘ಹೊರಗೆ’ ಎಂದೂ ಬರೆದು ನಿಮ್ಮ ಒಂದು ವಾರದ ಲೆಕ್ಕ ಮುಗಿಸಿತು. ಅಂದರೆ ನಡುವೆ ಒಮ್ಮೆಯೂ ಹೊರಬೀಳದೆ ಎರಡು ಸಲ ಒಳಬಂದ ಕಾರು! ನಾನು ಎಟೋಬಿಕೋಕಿನಲ್ಲಿ ಟಯರ್ ಅಂಗಡಿ ಇಟ್ಟವನು. ಹೊರಗೆ ಹೋಗದ ಟಯರು ನನ್ನ ಪುಸ್ತಕದಲ್ಲಿ ಎರಡನೇ ಸಲ ಒಳಗೆ ಬಂದರೆ ಮೊದಲು ನನ್ನ ಲೆಕ್ಕವನ್ನು ಅನುಮಾನಿಸುತ್ತೇನೆ, ಗಿರಾಕಿಯನ್ನಲ್ಲ. ನಿಮ್ಮ ಕಚೇರಿಯಲ್ಲಿ ಈ ಅನುಮಾನ ಒಬ್ಬರಿಗಾದರೂ ಬರಲಿಲ್ಲವೇ? ಅಥವಾ ಬಂದ ಅನುಮಾನಕ್ಕೆ ಸಂಬಳವಿಲ್ಲವೇ?

ನಿಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿದ ಹಿಂದಿ ಮಾತಿನ ಹುಡುಗ ಮರ್ಯಾದಸ್ಥ.

“ಆ ವಾರ ಕಾರು ಹೊರಗೆ ಹೋದದ್ದು ಸಿಸ್ಟಮಲ್ಲಿ ಇಲ್ಲ ಅಂಕಲ್‌ಜಿ.”

“ಕಾರು ನನ್ನ ಕಣ್ಣೆದುರೇ ನಿಂತುಂಟು ಮಗಾ, ಜಾರ್ಜ್‌ಟೌನಲ್ಲಿ.”

“ಅದು ಇವತ್ತಿನದ್ದು. ಆ ವಾರದ ಪ್ರೂಫ್ ಕಳಿಸಿ.”

ಕಳಿಸಿದೆ. ಆ ವಾರದ ಬುಧವಾರ ಜಾರ್ಜ್‌ಟೌನಿನಲ್ಲಿ ಪೆಟ್ರೋಲು ತುಂಬಿಸಿದ ರಸೀದಿ, ಅದೇ ವಾರ ಅಕ್ಕ ದಿನವೂ ಇದೇ ಕಾರಿನಲ್ಲಿ ಕೆಲಸಕ್ಕೆ ಬಂದಿದ್ದಳೆಂದು ವೃದ್ಧಾಶ್ರಮದವರು ಕೊಟ್ಟ ಪತ್ರ. ಬಂದ ಉತ್ತರ, ‘ಅಂತಿಮ ಎಚ್ಚರಿಕೆ’. ನಿಮ್ಮ ಅಂತಿಮ ಎಚ್ಚರಿಕೆ ಬಂದದ್ದು ಅದು ಮೂರನೇ ಸಲ. ದಪ್ಪ ಕಾಗದ, ಕೆಂಪು ಅಕ್ಷರ, ಮೇಲೆ ತಕ್ಕಡಿಯ ಚಿತ್ರ. ಖಾಸಗಿ ಕಂಪನಿಯೊಂದು ತನ್ನ ಕಾಗದವನ್ನು ಕೋರ್ಟಿನ ಕಾಗದದಂತೆ ಸಿಂಗರಿಸುವುದು ಯಾರನ್ನು ಹೆದರಿಸಲು? ನನ್ನಂಥ ಬಾಯಿಬಡುಕನನ್ನಂತೂ ಅಲ್ಲ.

ಹೆದರಿದವಳು ಅಕ್ಕ. “ಕೊಟ್ಟು ಬಿಡುವ, ಚೆನ್ನಯ. ನಾನೇ ಉದ್ದದ ಮಾಲೆ ಕಟ್ಟಿದ್ದಲ್ವಾ?” ಎಂದಳು. ಕೊಡಬೇಡ ಎಂದೆ. ಕೊಡಲಿಲ್ಲ, ಕಾರಿನ ಕೀಯನ್ನು ದೇವರ ಕಪಾಟಿನಲ್ಲಿಟ್ಟಳು. “ದಾರಿಯಲ್ಲಿ ಪೊಲೀಸ್ ನಿಲ್ಲಿಸಿ ಕೇಳಿದರೆ ನಾನು ಎಂತ ಹೇಳುವುದು? ನಿನ್ನ ಹಾಗೆ ಮಾತು ನನಗೆ ಬರ್ತದಾ?” ಈಗ ಮತ್ತೆ ಯಾರದೋ ಕಾರಿನ ಹಿಂದಿನ ಸೀಟು. ಇಳಿಯುವಾಗ ಮತ್ತೆ ಥ್ಯಾಂಕ್ಸ್.

ಆ ಕಾರು ನಿಂತಲ್ಲೇ ನಿಂತಿದೆ ಎಂದಿರಲ್ಲ ಮಾನ್ಯರೇ? ಆಗ ಅದು ಸುಳ್ಳಾಗಿತ್ತು. ಪತ್ರ ಬರೆದು ಬರೆದು ನಿಜ ಮಾಡಿದ್ದೀರಿ.

ನನಗೆ ಪರಿಹಾರ ಬೇಡ, ಕ್ಷಮೆಯೂ ಬೇಡ. ಅವು ನಿಮ್ಮಲ್ಲಿ ದಾಸ್ತಾನಿಲ್ಲವೆಂದು ಬಲ್ಲೆ. ಇನ್ನೊಂದೇ ಒಂದು ಪತ್ರ ಬರೆಯಿರಿ. ಅದೇ ದಪ್ಪ ಕಾಗದ, ಅದೇ ಕೆಂಪು ಅಕ್ಷರ, ಅದೇ ತಕ್ಕಡಿ. ಕಲಾವತಿಯವರಿಂದ ನಮಗೆ ಏನೂ ಬರಬೇಕಾಗಿಲ್ಲ ಎಂದು ಅದರಲ್ಲಿರಲಿ. ನನಗಲ್ಲ, ಅವಳ ಹೆಸರಿಗೆ ಕಳಿಸಿ. ಪೊಲೀಸರು ನಿಲ್ಲಿಸಿದರೆ ತೋರಿಸಲು ಕಾರಿನಲ್ಲಿಟ್ಟುಕೊಳ್ಳುತ್ತಾಳೆ. ಅಂಚೆ ವೆಚ್ಚ ಬೇಕಿದ್ದರೆ ನಾನು ಕೊಡುತ್ತೇನೆ, ರಸೀದಿ ಕೊಟ್ಟರೆ.

ಇಂತಿ,
ಇಷ್ಟು ಮಾತು ಬಲ್ಲವನಾಗಿಯೂ ಆ ಮಾಲೆಯನ್ನು ನಾಲ್ಕು ಬೆರಳು ಮೇಲೆ ಕಟ್ಟಿಸಲಾಗದ
ಚೆನ್ನಯ, ಎಟೋಬಿಕೋಕ್