ಎರಡು ಬಡಿದರೆ ನಿಲ್ಲಿಸಬೇಕು

ಕೆರೆ ಪಕ್ಕದ ವಾಹನ ತಂಗುದಾಣ,
ಒಂಬತ್ತನೇ ನಂಬರಿನ ಜಾಗ,
ಹದಿನಾಲ್ಕನೇ ತಾರೀಖು, ಮಧ್ಯಾಹ್ನ.

ರೀ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ; ಕಾಗದವನ್ನು ಬೆಳಕಿಗೆ ಹಿಡಿದರೆ ಕಾಣುತ್ತದೆ, ಬೇಕಿದ್ದರೆ ನೋಡಿಕೊಳ್ಳಿ. ಆರೋಗ್ಯ ಹೇಗಿದೆ? ಮಂಡಿನೋವು ಕಡಿಮೆಯಾಯಿತೇ? ನಿಮ್ಮ ಅಕ್ಕನವರ ಮನೆಯ ಮೆಟ್ಟಿಲು ಕಡಿದಾಗಿದೆ, ಕಂಬಿ ಹಿಡಿದುಕೊಂಡು ಇಳಿಯಿರಿ. ಇದನ್ನೆಲ್ಲ ಕಾಳಜಿಯಿಂದ ಕೇಳುತ್ತಿಲ್ಲ. ಮೂವತ್ತನಾಲ್ಕು ವರ್ಷದ ಅಭ್ಯಾಸ, ಕೈ ತಾನಾಗಿಯೇ ಬರೆದುಬಿಟ್ಟಿತು. ನಾನು ಚೆನ್ನಾಗಿದ್ದೇನೆ. ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿದೆ, ಅಷ್ಟೆ.

ನೀವು ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತಿ ಇವತ್ತಿಗೆ ಹನ್ನೊಂದು ದಿನ. ನಿನ್ನೆ ಮಗಳು ಫೋನು ಮಾಡಿದ್ದಳು. ಅವಳಿಗೆ ನೀವು ಹೇಳಿದ್ದು ಇಷ್ಟಂತೆ: “ನಿಮ್ಮಮ್ಮ ಹಿಂದೆ ನಿಂತು ಗಾಡಿ ನೋಡೋದು ಬಿಟ್ಟು ಎಲ್ಲೋ ನೋಡ್ತಿದ್ಲು, ಅದಕ್ಕೇ ಹಂಗಾಯ್ತು.” ಅಕ್ಕನವರ ಹತ್ತಿರವೂ ಅದೇ ಕಥೆ. ತಪ್ಪು ಮಾಡಿದವರು ನೀವು, ಗೂಬೆ ಕೂರಿಸಿದ್ದು ನನ್ನ ತಲೆಯ ಮೇಲೆ. ಅದಕ್ಕೇ ನಡೆದದ್ದನ್ನು ಬರೆದೇ ಕಳಿಸುತ್ತಿದ್ದೇನೆ. ಅಕ್ಕನವರ ಮುಂದೆ ಗಟ್ಟಿಯಾಗಿ ಓದಿ. ಒಂದು ಸಾಲು ಹಾರಿಸಿದರೂ ಸಿಕ್ಕಿಬೀಳುತ್ತೀರಿ, ಮಗಳಿಗೂ ಇದೇ ಕಾಗದದ ಪ್ರತಿ ಹೋಗುತ್ತದೆ.

ಈ ಕ್ಯಾರವಾನ್ ಬೇಕೆಂದು ಹಟ ಹಿಡಿದವರು ನೀವು. ಮಂಚ, ಒಲೆ, ಬಚ್ಚಲು ಎಲ್ಲ ಹೊತ್ತು ಓಡುವ ಇಪ್ಪತ್ತೆರಡು ಅಡಿಯ ಮನೆ. ನಿವೃತ್ತಿಯಾಯಿತು, ಇನ್ನು ಊರೂರು ತಿರುಗೋಣ ಎಂದಿರಿ, ನಾನೂ ಹೂಂ ಎಂದೆ. ಹಿಂದಕ್ಕೆ ತೆಗೆಯುವಾಗ ಎಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲವೆಂದು ನಾವೇ ಒಂದು ಕ್ರಮ ಮಾಡಿಕೊಂಡೆವು. ನಾನು ಹಿಂದೆ ನಿಂತು ಗಾಡಿಯ ಬೆನ್ನಿಗೆ ಅಂಗೈಯಿಂದ ಬಡಿಯಬೇಕು. ಒಂದು ಬಡಿದರೆ ಬರಬಹುದು, ಎರಡು ಬಡಿದರೆ ನಿಲ್ಲಿಸಬೇಕು. ಮೊದಲ ನಾಲ್ಕು ತಂಗುದಾಣಗಳಲ್ಲಿ ಗಾಡಿಗೆ ಒಂದು ಗೀರೂ ಬೀಳಲಿಲ್ಲ. ಐದನೆಯದರಲ್ಲಿ ಪಕ್ಕದ ಗಾಡಿಯವರು ಯಾರೋ ನಕ್ಕರು, ಹೆಂಡತಿ ಬಡಿದ ಹಾಗೆ ಗಂಡ ಓಡಿಸುತ್ತಾನೆ ಎಂದು. ಅವತ್ತೇ ನಿಮ್ಮ ಕಾನೂನು ಬದಲಾಯಿತು. “ನಾನು ಸರ್ವೇಯರ್ ಕಣೇ, ಮೂವತ್ತು ವರ್ಷ ಕಣ್ಣಳತೇಲೇ ಗಡಿ ಹೇಳ್ದೋನು. ಇನ್ಮೇಲೆ ಬಡೀಬೇಡ, ಸುಮ್ನೆ ಕೈ ತೋರ್ಸು, ಕನ್ನಡೀಲಿ ಕಾಣ್ಸುತ್ತೆ.” ಏನು ಕಂಡಿತು ಹೇಳಿ? ನಲ್ಲಿಯ ಕಂಬಕ್ಕೆ ಗುದ್ದಿದಿರಿ, ಬಲಗಡೆ. ಶೌಚಾಲಯದ ಮೂಲೆಗೆ ಉಜ್ಜಿದಿರಿ, ಬಲಗಡೆ. ಕರೆಂಟಿನ ಪೆಟ್ಟಿಗೆ, ಅದೂ ಬಲಗಡೆ. ನೀವು ಕೂರುವುದೇ ಆ ಕಡೆ, ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರೆ ಸಾಕಿತ್ತು. ಬಲಗಡೆಯ ಮೇಲೆ ನಿಮಗೆ ಅದೇನು ಹಗೆಯೋ! ಪ್ರತಿ ಸಲವೂ ಇಳಿದು ಬಂದು ನನ್ನನ್ನೇ ದಬಾಯಿಸಿದಿರಿ. ಒಮ್ಮೆಯಂತೂ ಕಂಬವನ್ನೇ ಅಳತೆ ತಪ್ಪಿ ನೆಟ್ಟಿದ್ದಾರೆ ಎಂದಿರಿ.

ಮೂರನೇ ತಾರೀಖು ಇಲ್ಲಿ ಆದದ್ದನ್ನು ಈಗ ಕೇಳಿ. ನೆಲ ಇಳಿಜಾರು, ಹಿಂದೆ ಕಲ್ಲಿನ ಗೋಡೆ. ನೀವು ಹೇಳಿದ ಹಾಗೆಯೇ ಬಲ ಮೂಲೆಯಲ್ಲಿ, ನಿಮ್ಮ ಕನ್ನಡಿಗೆ ನೇರವಾಗಿ ನಿಂತು ಎರಡೂ ಕೈ ಎತ್ತಿ ನಿಲ್ಲಿಸಿ ಎಂದು ತೋರಿಸಿದೆ. ಹಳದಿ ಸ್ವೆಟರ್ ಹಾಕಿದ್ದೆ ರೀ, ಕೆರೆಯ ಆಚೆ ದಡದವರಿಗೂ ಕಾಣುತ್ತಿದ್ದೆ. ಗಾಡಿ ಬರುತ್ತಲೇ ಇತ್ತು. ಬೆನ್ನಿಗೆ ಗೋಡೆ ತಾಗಿತು. ಆಮೇಲೆ ನಿಮ್ಮ ಕಾನೂನು ಮರೆತು ಬಡಿದೆ, ಎಷ್ಟು ಸಲವೋ ಗೊತ್ತಿಲ್ಲ. ಪಕ್ಕಕ್ಕೆ ಹಾರಿಕೊಂಡೆ, ಚಪ್ಪಲಿ ಚಕ್ರದಡಿ ಉಳಿಯಿತು. ಇಳಿದು ಬಂದ ನೀವು ಪೆಟ್ಟಾಯಿತೇ ಎಂದು ಕೇಳಲಿಲ್ಲ. “ಎಲ್ಲಿ ಸತ್ತಿದ್ದೆ ನೀನು?” ಎಂದಿರಿ. ಎಂಟು ಗಾಡಿಯವರ ಎದುರು ನಾನು ಬಾಯಿಗೆ ಬಂದಂತೆ ಬೈದದ್ದು ಅದಕ್ಕೆ, ಅದರಲ್ಲಿ ಒಂದು ಮಾತನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ನೀವೋ ಮುಖ ಊದಿಸಿಕೊಂಡು ಹೊರಟೇಬಿಟ್ಟಿರಿ. ಇಳಿಜಾರಿನಲ್ಲಿ ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡನ್ನೂ ಇಡಲಿಲ್ಲ. ನಾನೇ ಇಟ್ಟೆ.

ಇಲ್ಲಿ ನಾನೇನೂ ಅಳುತ್ತ ಕೂತಿಲ್ಲ. ಹತ್ತನೇ ಜಾಗದಲ್ಲಿ ಒಬ್ಬರು ಇದ್ದಾರೆ, ಬಂದರಿನಲ್ಲಿ ಇಪ್ಪತ್ತು ವರ್ಷ ಕ್ರೇನ್ ನಡೆಸಿದವರು, ಎಲ್ಲರೂ ಕ್ರೇನಮ್ಮ ಎನ್ನುತ್ತಾರೆ. ಲೈಸೆನ್ಸ್ ನನಗೆ ಹೇಗೂ ಇತ್ತಲ್ಲ, ಅವರಿಂದ ಈ ಗಾಡಿ ಕಲಿತೆ. ಅವರ ಪಾಠ ಒಂದೇ: “ಗೊತ್ತಾಗ್ಲಿಲ್ವಾ, ನಿಲ್ಸಿ, ಇಳೀರಿ, ಹೋಗಿ ನೋಡಿ. ಇಳಿದ್ರೆ ಮಾನ ಹೋಗಲ್ಲ.” ಮೊದಲ ದಿನ ಹನ್ನೆರಡು ಸಲ ಇಳಿದೆ. ಇವತ್ತು ಎರಡೇ ಸಲ ಇಳಿದು, ಅದೇ ಗೋಡೆಯಿಂದ ಒಂದು ಮೊಳ ಬಿಟ್ಟು ನಿಲ್ಲಿಸಿದ್ದೇನೆ. ಗಾಡಿಯನ್ನು ನಾನೇ ಮನೆಗೆ ತರುತ್ತೇನೆ, ನಿಮ್ಮ ಅಗತ್ಯವಿಲ್ಲ.

ಅಕ್ಕನವರಿಗೆ ನಮಸ್ಕಾರ. ಅವರ ಮೊಮ್ಮಗಳಿಗೆ ಒಂದು ಮುತ್ತು. ನಿಮಗೆ ಏನೂ ಇಲ್ಲ.

ಇಂತಿ,
ಎಲ್ಲೋ ನೋಡುತ್ತಿದ್ದವಳು

ತಾ.ಕ.: ಲಕೋಟೆ ಹುಡುಕುತ್ತ ನಿಮ್ಮ ಕಡೆಯ ಬಾಗಿಲಿನ ಖಾನೆಗೆ ಕೈ ಹಾಕಿದೆ. ರಸ್ತೆ ನಕ್ಷೆಯ ಮಡಿಕೆಯೊಳಗೆ ಕಣ್ಣಿನ ಆಸ್ಪತ್ರೆಯ ಚೀಟಿ ಸಿಕ್ಕಿತು. ಬಲಗಡೆಯ ನೋಟ ಪೂರ್ತಿ ಹೋಗಿದೆ, ವಾಹನ ಓಡಿಸಕೂಡದು ಎಂದಿದೆ. ತಾರೀಖು ನಾವು ಹೊರಡುವುದಕ್ಕೆ ಒಂಬತ್ತು ದಿನ ಮುಂಚಿನದು. ಅಂದರೆ ಗೊತ್ತಿತ್ತು. ಮೊದಲ ನಾಲ್ಕು ಕಡೆ ನನ್ನ ಬಡಿತ ಕೇಳಿಕೊಂಡೇ ಗಾಡಿ ತೆಗೆದಿರಿ. ಯಾರೋ ನಕ್ಕರೆಂದು ಅದನ್ನೂ ಬಿಡಿಸಿ, ನಿಮಗೆ ಕಾಣದ ಮೂಲೆಯಲ್ಲೇ ನನ್ನನ್ನು ನಿಲ್ಲಿಸಿದಿರಿ. ಮೇಲೆ ಬೈದದ್ದು ಏನೇನೂ ಸಾಲದು, ಆದರೆ ಕಾಗದ ಮುಗಿಯಿತು. ಮಗಳ ಪ್ರತಿಯಲ್ಲಿ ಈ ಚೀಟಿಯ ವಿಷಯ ಬರೆದಿಲ್ಲ, ನೀವೇ ಹೇಳಬೇಕು. ಭಾನುವಾರ ಹನ್ನೊಂದು ಗಂಟೆಗೆ ಅಕ್ಕನವರ ಓಣಿಗೆ ಬರುತ್ತೇನೆ. ಅಲ್ಲಿ ಹಿಂದಕ್ಕೇ ತೆಗೆದು ನಿಲ್ಲಿಸಬೇಕು. ನಾಚಿಕೆಯಾದರೆ ಒಳಗೇ ಇರಿ, ನಾನು ಹಾಗೇ ಮುಂದೆ ಹೋಗುತ್ತೇನೆ. ಬರುವುದಾದರೆ ಬಂದು ಹಿಂದೆ ನಿಲ್ಲಿ. ಕೈ ತೋರಿಸಬೇಡಿ, ಬಡಿಯಿರಿ. ಎರಡು ಬಡಿದರೆ ನಾನು ನಿಲ್ಲಿಸುತ್ತೇನೆ.