ಸಹಿಗೆ ಮುಂಚಿನ ಕೆಲಸ

ಚಿತ್ತವಾಡ್ಗಿ, ಹೊಸಪೇಟೆ
೨೦ ಜುಲೈ ೨೦೨೫, ಭಾನುವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಸ್ಫೂರ್ತಿ ಮಾಡುವ ಶರಣು. ಮೊದಲು ನಿಮ್ಮ ಮಂಡಿನೋವಿನ ಸುದ್ದಿ ತಿಳಿಸಿ. ಸಿರುಗುಪ್ಪದ ಆ ಮನೆಯಲ್ಲಿ ಮೆಟ್ಟಿಲು ಜಾಸ್ತಿ. ಬಾಣಂತಿಗೆ ನೀರು ಕಾಯಿಸಲು, ಕೂಸಿನ ಬಟ್ಟೆ ಒಣಹಾಕಲು ನೀವು ಹತ್ತಿ ಇಳಿಯುತ್ತಲೇ ಇರುತ್ತೀರಿ ಎಂದು ನನಗೆ ಗೊತ್ತು. ಎಣ್ಣೆ ತಿಕ್ಕಿಕೊಳ್ಳಿ, ಮರೆಯಬೇಡಿ. ಶಿಲ್ಪಶ್ರೀ ಹೇಗಿದ್ದಾಳೆ? ಕೂಸು ರಾತ್ರಿ ಮಲಗುತ್ತಿದೆಯೇ? ಅವಳ ದೊಡ್ಡ ಮಗನ ಶಾಲೆ ತಪ್ಪಬಾರದೆಂದು ಮಗಳನ್ನು ಇಲ್ಲಿಗೆ ಕರೆಸದೆ ನೀವೇ ಅವಳ ಮನೆಗೆ ಹೋದಿರಿ. ಒಳ್ಳೆಯದನ್ನೇ ಮಾಡಿದಿರಿ. ಆದರೆ ಇಲ್ಲಿ ಪಂಪಿ ದಿನಕ್ಕೊಮ್ಮೆ ನಿಮ್ಮ ಮಂಚದ ಕೆಳಗೆ ಬಗ್ಗಿ, "ಅಜ್ಜಿ, ಹೊರಗ ಬಾ" ಎಂದು ಕರೆಯುತ್ತಾಳೆ. ಅವಳ ಜೊತೆ ಕಣ್ಣಾಮುಚ್ಚಾಲೆ ಆಡಿ ಆಡಿ ನೀವೇ ಮಾಡಿಟ್ಟ ಅಭ್ಯಾಸ ಅದು. ಎರಡೂವರೆ ವರ್ಷದ ಕೂಸಿಗೆ ಸಿರುಗುಪ್ಪ ಎಂದರೆ ಏನು ತಿಳಿಯುತ್ತದೆ?

ಫೋನಿನಲ್ಲಿ ಇದನ್ನೆಲ್ಲ ಹೇಳೋಣವೆಂದರೆ ಕಳೆದ ಸಲದ ಕಥೆಯೇ ಆಗುತ್ತದೆ. ನಾನು ಕೂಗಿದ್ದು ನಿಮಗೊಬ್ಬರಿಗೆ ಬಿಟ್ಟು ಓಣಿಗೆಲ್ಲ ಕೇಳಿಸಿತ್ತು. ಅದಕ್ಕೇ ಕಾಗದ. ನೀವು ನಿಧಾನಕ್ಕೆ ಬಿಸಿಲಲ್ಲಿ ಕುಳಿತು ಓದುತ್ತೀರಿ, ಬೇಕೆಂದರೆ ಎರಡು ಸಲ ಓದುತ್ತೀರಿ. ನಾನು ಹೇಳಬೇಕಾದದ್ದು ಎರಡು ಸಲ ಓದುವಂಥದ್ದೇ.

ನಾನು ಕೆಲಸ ಕಲಿಯುತ್ತಿರುವ ಆಡಿಟರ್ ದೊಡ್ಡಬಸಪ್ಪ ಸರ್ ಈ ತಿಂಗಳು ಆಫೀಸು ಮುಚ್ಚುತ್ತಿದ್ದಾರೆ. ಕಣ್ಣಿನ ನರ ಒಣಗುತ್ತಾ ಬಂದಿದೆಯಂತೆ, ಡಾಕ್ಟರು ಇನ್ನು ಅಂಕಿ ನೋಡುವ ಕೆಲಸ ಸಾಕು ಎಂದಿದ್ದಾರೆ. ಪಂಪಿ ಆರು ತಿಂಗಳ ಕೂಸಾಗಿದ್ದಾಗ ನೀವು ಮಧ್ಯಾಹ್ನ ಆಟೋ ಮಾಡಿಕೊಂಡು ಅವಳನ್ನು ಹಾಲಿಗೆಂದು ಆ ಆಫೀಸಿಗೇ ತರುತ್ತಿದ್ದಿರಲ್ಲ, ಅವರು ಎದ್ದು ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟು ಹೊರಗೆ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದರು. ಅಂಥವರು ಮೊನ್ನೆ ನನ್ನ ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಲು ಮೂಗು ಹಾಳೆಗೆ ತಾಗುವಷ್ಟು ಬಗ್ಗಿದರು. ನನಗೆ ನೋಡಲಾಗಲಿಲ್ಲ. ಕಿಟಕಿಯ ಕಡೆ ತಿರುಗಿ ನಿಂತೆ.

ಸಿ.ಎ. ಆಗುವುದಕ್ಕೆ ಪುಸ್ತಕ ಓದಿ ಪರೀಕ್ಷೆ ಪಾಸಾದರೆ ಮಾತ್ರ ಸಾಲದು, ಒಬ್ಬ ಆಡಿಟರ ಕೈಕೆಳಗೆ ಗೊತ್ತುಮಾಡಿದಷ್ಟು ಕಾಲ ಕೆಲಸ ಕಲಿಯಲೇಬೇಕು ಎಂದು ನಿಮಗೆ ಹಿಂದೆ ಹೇಳಿದ್ದೆ. ಆರ್ಟಿಕಲ್‌ಶಿಪ್ ಎನ್ನುತ್ತಾರಲ್ಲ, ಅದೇ. ಅದು ಮುಗಿಯದೆ ಕೊನೆಯ ಪರೀಕ್ಷೆಗೆ ಕೂಡುವ ಹಾಗಿಲ್ಲ. ನನ್ನದು ಇನ್ನೂ ವರ್ಷದ ಮೇಲೆ ಉಳಿದಿದೆ. ಸರ್ ಆಫೀಸು ಮುಚ್ಚಿದರೆ ಉಳಿದ ಅವಧಿಯನ್ನು ಬೇರೆ ಆಡಿಟರ ಹತ್ತಿರ ಮುಗಿಸಬೇಕು. ಹೊಸಪೇಟೆಯಲ್ಲಿ ಇಬ್ಬರನ್ನು ಕೇಳಿದೆ. ಒಬ್ಬರು ಜಾಗವಿಲ್ಲ ಎಂದರು. ಇನ್ನೊಬ್ಬರು ನನ್ನ ಅಂಕಪಟ್ಟಿ ನೋಡಿ ಖುಷಿಪಟ್ಟು ಕಾಫಿಯನ್ನೂ ತರಿಸಿದರು. ಆಮೇಲೆ ಮನೆಯಲ್ಲಿ ಯಾರ್‍ಯಾರಿದ್ದೀರಿ ಎಂದು ಕೇಳಿದರು. "ಸಣ್ಣ ಮಗು ಐತಂತೀರಿ. ಸೆಪ್ಟೆಂಬರ್ ಬಂತಂದ್ರ ಟ್ಯಾಕ್ಸ್ ಕೆಲಸಕ್ಕ ನಮ್ಮಲ್ಲಿ ಹೊತ್ತು ಗೊತ್ತು ಇರಂಗಿಲ್ಲಮ್ಮ, ನಿಮಗ ಯಾಕ ತ್ರಾಸು" ಎಂದರು. ಮರ್ಯಾದೆಯಿಂದಲೇ ಹೇಳಿದರು ಬಿಡಿ. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಮಾತ್ರ ನನಗೆ ಕಣ್ಣು ಮಂಜಾಗಿತ್ತು.

ಆಗಲೇ ನಿಮ್ಮ ತಮ್ಮ ಮರಿಸ್ವಾಮಿ ಮಾವ ಕಂಪ್ಲಿಯಿಂದ ಬಂದರು. ಮುಖದ ತುಂಬ ನಗು. ಅವರು ರೈಸ್ ಮಿಲ್ಲಿನಲ್ಲಿದ್ದಾಗ ಪರಿಚಯವಾದ ಬಳ್ಳಾರಿಯ ಒಬ್ಬ ಆಡಿಟರ ಹತ್ತಿರ ನನಗಾಗಿ ಮಾತಾಡಿ ಬಂದಿದ್ದರು. "ಮಗಳ, ನಿನ್ನ ಚಿಂತಿ ಬಿಡು. ನೀ ಬಳ್ಳಾರಿಗೆ ಹೋಗೋದೂ ಬ್ಯಾಡ, ಬಸ್ ಹತ್ತೋದೂ ಬ್ಯಾಡ. ಮನ್ಯಾಗ ಕೂಸಿನ ನೋಡ್ಕೋತ ಪರೀಕ್ಷಾಕ್ಕ ಓದು. ಹಾಜರಿ ಅವರು ಬರ್ಕೋತಾರ, ಮುಗಿದ ಮ್ಯಾಲ ಸಹಿ ಹಾಕಿ ಕೊಡ್ತಾರ" ಎಂದರು. ಮಾಡದ ಕೆಲಸಕ್ಕೆ ಮಾಡಿದಂತೆ ಸರ್ಟಿಫಿಕೇಟು. ಕೇಳಿದ ಕೂಡಲೇ ಬೇಡ ಎನ್ನಬೇಕಿತ್ತು, ಅನ್ನಲಿಲ್ಲ. ನಿಜ ಹೇಳುತ್ತೇನೆ ಅತ್ತೆ, ಹೊಟ್ಟೆ ತಣ್ಣಗಾಯಿತು. ನೀವಿಲ್ಲ, ನಿಮ್ಮ ಮಗನಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ವಾರಕ್ಕೊಂದು ಥರದ ಶಿಫ್ಟು, ಪಂಪಿ ನನ್ನ ಸೆರಗು ಬಿಡುವುದಿಲ್ಲ. ಇವರೂ, "ಭಾಳ ಮಂದಿ ಹಿಂಗ ಮಾಡ್ತಾರಂತ, ಓದಾಕರ ಟೈಮ್ ಸಿಗ್ತೈತಿ" ಎಂದರು. ಮಾವ ಅಂದು ಊಟ ಮಾಡಿ, ಪಂಪಿಯನ್ನು ಹೆಗಲ ಮೇಲೆ ಹೊತ್ತು ಓಣಿಯೆಲ್ಲ ಸುತ್ತಿಸಿ, ಸಂಜೆ ಬಸ್ಸಿಗೆ ಹೋದರು.

ಅದಾದ ವಾರಕ್ಕೆ ಸರ್ ಜೊತೆ ಯಶವಂತನಗರಕ್ಕೆ ಹೋಗಿದ್ದೆ. ಅವರ ಕೊನೆಯ ಆಡಿಟ್ಟು ಅದು. ಗಣಿಯಲ್ಲಿ ದುಡಿಯುವವರ ಮನೆಯ ಹೆಂಗಸರು ಕಟ್ಟಿಕೊಂಡ ಒಂದು ಉಳಿತಾಯದ ಸಂಘ. ಸಂಡೂರು ದಾಟಿದ ಮೇಲೆ ದಾರಿಯುದ್ದಕ್ಕೂ ಅದಿರಿನ ಲಾರಿಗಳು. ನನ್ನ ಬಿಳಿ ದುಪಟ್ಟಾ ಹೋಗುವಾಗಲೇ ಕೆಂಪಾಗಿತ್ತು. ಇಡೀ ದಿನ ಸರ್ ಹೇಳಿದ್ದನ್ನು ಓದಿ ಹೇಳುವುದು, ರಸೀತಿಗೆ ರಸೀತಿ ತಾಳೆ ನೋಡುವುದು, ಗುರುತು ಹಾಕುವುದು. ಸಂಜೆ ಸರ್ ಟೀ ಕುಡಿಯಲು ಹೊರಗೆ ಹೋದಾಗ ಸಂಘದ ಅಧ್ಯಕ್ಷೆ ದುರ್ಗಕ್ಕ ನನ್ನ ಪಕ್ಕದಲ್ಲಿ ಬಂದು ಕುಳಿತರು. ಉಳಿದ ಹೆಂಗಸರು ಬಾಗಿಲಲ್ಲಿ ನಿಂತಿದ್ದರು, ಅಡಿಗೆಯ ಹೊತ್ತಾಗಿದ್ದರೂ ಯಾರೂ ಮನೆಗೆ ಹೋಗಿರಲಿಲ್ಲ. "ಯವ್ವಾ, ಎಲ್ಲಾ ನೋಡಿದ್ಯಲ್ಲ, ನಮ್ಮ ಸಂಘ ಸರಿ ಐತಿಲ್ಲೋ? ಪಕ್ಕದ ಸಂಘ ಮುಳುಗಿದಾಗಿಂದ ಇವರಿಗೆ ನಿದ್ದಿ ಇಲ್ಲ. ನೀ ಹೂಂ ಅಂದ್ರ ನಿಶ್ಚಿಂತಿ ಮನಿಗೆ ಹೋಗ್ತಾರ" ಎಂದರು.

ನನಗೆ ಹೂಂ ಎನ್ನಲಾಗಲಿಲ್ಲ. ಏನೋ ತಪ್ಪು ಕಂಡಿತ್ತು ಎಂದಲ್ಲ. ನಾನು ಗುರುತು ಹಾಕಿದ್ದೆ ಅಷ್ಟೇ. ಅಷ್ಟೊಂದು ಗುರುತು ಸೇರಿ ಒಂದು 'ಹೂಂ' ಆಗುವುದು ಹೇಗೆ ಎಂದು ನನಗೆ ಇನ್ನೂ ತಿಳಿದಿರಲಿಲ್ಲ. "ಸರ್ ಬರ್ಲಿ ಅಕ್ಕ, ಅವರನ್ನ ಕೇಳ್ರಿ" ಎಂದೆ. ಸರ್ ಬಂದು ಕುಳಿತು, ಅವರನ್ನೂ ಕೂರಿಸಿ, ಯಾವುದು ಗಟ್ಟಿಯಾಗಿದೆ, ಎರಡು ಕಡೆ ಏನು ತಿದ್ದಿಕೊಳ್ಳಬೇಕು ಎಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿದರು. ಆಮೇಲೆ, "ನಿದ್ದಿ ಮಾಡ್ರಿ" ಎಂದರು. ಅವರ ಮುಖಗಳು ಸಡಿಲವಾದದ್ದನ್ನು ನೀವು ನೋಡಬೇಕಿತ್ತು ಅತ್ತೆ. ಒಬ್ಬಾಕೆ ಅಲ್ಲೇ ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡಳು.

ಹಿಂದಿರುಗುವಾಗ ಬಸ್ಸಿನಲ್ಲಿ ಬಳ್ಳಾರಿಯ ವಿಷಯ ಸರ್‌ಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಆ ಹೆಣ್ಮಗಳು ಕೇಳಿದ ಪ್ರಶ್ನಿಗೆ ಧೈರ್ಯದ್ಲೆ ಉತ್ರ ಹೇಳಾಕ ನನಗ ಭಾಳ ವರ್ಷ ಹಿಡೀತಮ್ಮ. ನೀನು ಇವತ್ತು ಸುಳ್ಳು ಹೂಂ ಅನ್ನಲಿಲ್ಲ. ಅಷ್ಟು ಕಲಿತೀಯಲ್ಲ, ಉಳಿದದ್ದೂ ಕಲೀತಿ" ಎಂದರು. ಅಷ್ಟೇ. ಬಳ್ಳಾರಿಗೆ ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹೊಸಪೇಟೆ ಬರುವಷ್ಟರಲ್ಲಿ ಬಳ್ಳಾರಿಯ ಸಹಿ ಬೇಡವೆಂದು ನಾನೇ ನಿರ್ಧಾರ ಮಾಡಿಕೊಂಡಿದ್ದೆ.

ಮನೆಗೆ ಬಂದು ನಿಮ್ಮ ಮಗನಿಗೆ ಹೇಳಿದರೆ ಅವರಿಗೆ ಸಿಟ್ಟು. "ಸತ್ಯ ಹರಿಶ್ಚಂದ್ರನ ಮನಿತನ ನಮ್ಮದಾ? ಕೂಸಿನ ಯಾರು ನೋಡ್ಬೇಕು?" ಎಂದು ತಟ್ಟೆ ಸರಿಸಿ ಎದ್ದರು. ಅವರ ಸಿಟ್ಟು ನಿಮಗೆ ಗೊತ್ತಲ್ಲ, ಮಾತಿಗಿಂತ ಮೌನ ಉದ್ದ. ಮರುದಿನ ಶಿಫ್ಟು ಮುಗಿಸಿ ಕಂಪನಿ ಬಸ್ಸಿನಿಂದ ಇಳಿದು ಬಂದವರು ಕೈಕಾಲು ತೊಳೆಯದೆ ಅಡಿಗೆಮನೆಯ ಬಾಗಿಲಲ್ಲಿ ನಿಂತರು. "ಇವತ್ತು ನನ್ನ ತಲಿ ಮ್ಯಾಲ ಕ್ರೇನ್ ಹೋತು. ದಿನಾ ಹೋಗ್ತೈತಿ. ಇವತ್ತ ಮಾತ್ರ ತಲಿ ಎತ್ತಿ ನೋಡಿದೆ. ಅದನ್ನ ಓಡ್ಸೋನು ಟ್ರೇನಿಂಗ್ ಮಾಡದನ ಸಹಿ ಹಾಕಿಸ್ಕೊಂಡು ಬಂದಿದ್ರ ನಾ ಅದರ ಕೆಳಗ ನಿಲ್ತಿದ್ನೇನು ಅನ್ನಿಸ್ತು. ನೀ ಹೇಳಿದ್ದು ಖರೇ ಐತಿ" ಎಂದರು. ಮದುವೆಯಾಗಿ ಇಷ್ಟು ದಿನಕ್ಕೆ ನಿಮ್ಮ ಮಗ ನನ್ನೆದುರು ಸೋತದ್ದು ಅದೇ ಮೊದಲು. ಅದನ್ನು ನಾನು ಎತ್ತಿ ಆಡಲಿಲ್ಲ. ನೀವೂ ಆಡಬೇಡಿ.

ಮರಿಸ್ವಾಮಿ ಮಾವನಿಗೆ ಹೇಳುವುದೇ ಕಷ್ಟವಾಯಿತು. ಫೋನಿನಲ್ಲಿ ಹೇಳಬಾರದೆಂದು ಮನೆಗೆ ಕರೆಸಿ, ಎದುರಿಗೆ ಕೂತು ಆದಷ್ಟು ಮೆತ್ತಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. "ನಾ ಅವರ ಮನಿ ತನಕ ಹೋಗಿ ಕೈಮುಗಿದು ಕೇಳಿದ್ದೆ. ನನ್ನ ಮಾತು ಕಳ್ಳರ ಮಾತು ಆತೇನು ನಿಮಗ?" ಎಂದರು. ಟೀ ಅರ್ಧಕ್ಕೇ ಬಿಟ್ಟು ಎದ್ದರು. ಹಾಗಲ್ಲ ಮಾವ ಎಂದು ಗೇಟಿನ ತನಕ ಹಿಂದೆ ಹೋದೆ, ಅವರು ತಿರುಗಿ ನೋಡಲಿಲ್ಲ. ಅಂದಿನಿಂದ ನನ್ನ ಫೋನು ಎತ್ತುತ್ತಿಲ್ಲ. ನನ್ನಪ್ಪ ಇಲ್ಲದ ಮದುವೆಯಲ್ಲಿ, ಗಂಡಿನ ಕಡೆಯವರಾದರೂ ನನ್ನ ಪಕ್ಕದಲ್ಲಿ ತಂದೆಯ ಹಾಗೆ ನಿಂತವರು ಅವರು. ಅವರು ತಪ್ಪು ದಾರಿ ತೋರಿಸಿದ್ದು ಆಸೆಯಿಂದಲ್ಲ, ನಾನೂ ಕೂಸೂ ಬಸ್ಸು ಬಸ್ಸು ಅಲೆಯಬಾರದೆಂಬ ಅಂತಃಕರಣದಿಂದ. ಅದು ಗೊತ್ತಿದ್ದೇ ಬೇಡ ಎನ್ನಬೇಕಾಯಿತು. ಅವರಿಂದ ನಿಮಗೆ ಬೇರೆ ಥರ ಸುದ್ದಿ ಬಂದಿದ್ದರೆ, ದಯವಿಟ್ಟು ಇದನ್ನೂ ಓದಿ ತೂಗಿ ನೋಡಿ.

ಈಗ ಒಳ್ಳೆಯ ಸುದ್ದಿ. ಸರ್ ಕೈಕೆಳಗೇ ಹಿಂದೆ ಕಲಿತ ಪೂಜಿತಾ ಮೇಡಂ ಸಂಡೂರಿನಲ್ಲಿ ಆಫೀಸು ನಡೆಸುತ್ತಿದ್ದಾರೆ. ಬಸ್‌ಸ್ಟ್ಯಾಂಡಿನ ಹತ್ತಿರ, ಔಷಧಿ ಅಂಗಡಿಯ ಮೇಲೆ. ಸರ್ ಫೋನು ಮಾಡಿದರು, ನಾನು ಹೋಗಿ ಬಂದೆ. ನನಗಿಂತ ಐದಾರು ವರ್ಷ ದೊಡ್ಡವರಿರಬಹುದು. ಮನೆಯಲ್ಲಿ ಯಾರಿದ್ದಾರೆ, ಕೂಸು ಎಷ್ಟು ದೊಡ್ಡದು, ಒಂದೂ ಕೇಳಲಿಲ್ಲ. "ಯಾವ ಬಸ್ಸಿಗೆ ಬರ್ತೀರಿ?" ಎಂದು ಮಾತ್ರ ಕೇಳಿದರು. ಆಮೇಲೆ ನಕ್ಕು, "ಇಲ್ಲಿ ಕಸ ಹೊಡಿಯೋರೂ ನಾವ, ಆಡಿಟ್ ಮಾಡೋರೂ ನಾವ. ನಡೀತೈತಲ್ರಿ?" ಎಂದರು. ನಡೀತೈತ್ರಿ ಎಂದೆ. ನಾಳೆ ಸೋಮವಾರದಿಂದ ಹೋಗಬೇಕು. ಕೊನೆಯ ಪರೀಕ್ಷೆ ಮೊದಲೇ ಕಷ್ಟ, ದಿನಾ ಬಸ್ಸಿನಲ್ಲಿ ದಣಿದು ಓದುವುದು ಇನ್ನೂ ಕಷ್ಟ. ಒಂದು ಸಲಕ್ಕೆ ಪಾಸಾಗದಿದ್ದರೂ ಆಗಬಹುದು. ಪರಿಚಯದವರಿಗೆಲ್ಲ ನೀವು ಆಗಲೇ "ನಮ್ಮ ಸೊಸಿ ಆಡಿಟರ್" ಎಂದು ಹೇಳಿಯಾಗಿದೆ. ಇನ್ನೂ ಸ್ವಲ್ಪ ಕಾಯಿರಿ ಎಂದು ಕೇಳಲು ನನಗೆ ಸಂಕೋಚ. ಆದರೂ ಕೇಳುತ್ತಿದ್ದೇನೆ.

ಪಂಪಿಯ ಚಿಂತೆ ಮಾಡಬೇಡಿ. ಇವರ ರಾತ್ರಿ ಶಿಫ್ಟಿನ ವಾರಗಳಲ್ಲಿ ಹಗಲು ಇವರೇ ಇರುತ್ತಾರೆ. ಉಳಿದ ವಾರಗಳಲ್ಲಿ ಎದುರುಮನೆಯ ಪಂಪಣ್ಣನವರ ಹೆಂಡತಿ ಮಧ್ಯಾಹ್ನದವರೆಗೆ ನೋಡಿಕೊಳ್ಳುತ್ತಾರೆ. ಆಮೇಲಿನ ಹೊತ್ತಿಗೆ ಏನಾದರೂ ಮಾಡುತ್ತೇವೆ. ನೀವು ಮಾತ್ರ ನನಗಾಗಿ ಬಾಣಂತನ ಅರ್ಧಕ್ಕೆ ಬಿಟ್ಟು ಬರಬಾರದು. ಪಂಪಿ ಹುಟ್ಟಿದಾಗ ನನ್ನನ್ನು ಮಂಚ ಇಳಿಯಗೊಡದೆ ನೋಡಿಕೊಂಡಿರಿ. ಶಿಲ್ಪಶ್ರೀಗೂ ಅಷ್ಟು ದಿನ ಸಿಗಲಿ.

ಕೂಸಿನ ಪಾದಕ್ಕೆ ನನ್ನ ಮುತ್ತು, ಶಿಲ್ಪಶ್ರೀಗೆ ಪ್ರೀತಿ, ಅಲ್ಲಿಯ ಹಿರಿಯರಿಗೆಲ್ಲ ನಮಸ್ಕಾರ. ನಿಮ್ಮ ಕೈ ನನ್ನ ತಲೆಯ ಮೇಲೆ ಇದೆ ಎಂದುಕೊಂಡೇ ನಾಳೆ ಬಸ್ಸು ಹತ್ತುತ್ತೇನೆ.

ನಿಮ್ಮ
ಸ್ಫೂರ್ತಿ

ತಾ.ಕ.: ಸೋಮವಾರ ಬೆಳಿಗ್ಗೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ತಲೆ ಬಾಚಿಕೊಳ್ಳುತ್ತಿರುವಾಗ ಗೇಟು ಸದ್ದಾಯಿತು. ನೋಡಿದರೆ ಮರಿಸ್ವಾಮಿ ಮಾವ, ಕೈಯಲ್ಲಿ ಬಟ್ಟೆಯ ಚೀಲ. ನಾನು ಹೊರಟಿರುವುದನ್ನು ನಿಮ್ಮ ಮಗನೇ ತಿಳಿಸಿದ್ದರಂತೆ. ಒಳಗೆ ಬಾರದೆ, ನನ್ನ ಮುಖವನ್ನೂ ನೋಡದೆ, "ಬಸ್ಸಿಗೆ ಹೊತ್ತಾತು, ನಡಿ. ಅಕ್ಕ ಬರೋತನ ಕೂಸಿನ ನಾ ನೋಡ್ಕೋತೀನಿ. ನನಗೇನು ಕಂಪ್ಲ್ಯಾಗ ಕಾಯೋರು ಯಾರದಾರ?" ಎಂದರು. ಈಗ ಪಂಪಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಪ್ಪಿಟ್ಟು ತಿನ್ನಿಸುತ್ತಿದ್ದಾರೆ, ಅವಳಿಗಿಂತ ಅವರ ಅಂಗಿಗೇ ಹೆಚ್ಚು ಹೋಗಿದೆ. ಬಳ್ಳಾರಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ನಾನು ಈ ಕಾಗದ ಮಡಿಸುವುದನ್ನು ನೋಡಿ, "ಅಕ್ಕಗ ಎಲ್ಲಾ ಬರೆದೀಯೇನು? ಸಿಟ್ಟಾಗ್ತಾಳ" ಎಂದು ಮೆಲ್ಲಗೆ ಕೇಳಿದರು. ಅತ್ತೆ, ಇದೊಂದು ನಡೆಸಿಕೊಡಿ. ನಿಮಗೆ ಸಿಟ್ಟಿಲ್ಲ ಎಂದು ಅವರಿಗೇ ಬೇರೆ ಕಾಗದದಲ್ಲಿ ನಾಲ್ಕು ಸಾಲು ಬರೆಯಿರಿ. ಕಂಪ್ಲಿಯ ವಿಳಾಸ ಬೇಡ, ಚಿತ್ತವಾಡ್ಗಿಯ ನಮ್ಮ ಮನೆಯದೇ ಹಾಕಿ.