ಎರಡು ಮನೆಯ ಜೋಡಿ

ತಿರ್ಲಾಪುರ
ಜೂನ್ ೧೯೮೭

ತಿರಕಪ್ಪನಿಗೆ,

ನಿನ್ನ ಕಟ್ಟೆ ಹತ್ತುವುದಿಲ್ಲವೆಂದು ಆಣೆ ಮಾಡಿದ್ದೇನೆ. ಅದಕ್ಕೇ ಬಾಜು ಮನೆಗೆ ಅಂಚೆಯಲ್ಲಿ ಬರೆಯುತ್ತಿದ್ದೇನೆ.

ನಿನ್ನದೊಂದು ಎತ್ತು, ನನ್ನದೊಂದು. ಇಷ್ಟು ವರ್ಷ ಎರಡನ್ನೂ ಕೂಡಿಸಿ ಹೂಡಿಯೇ ಇಬ್ಬರ ಹೊಲವನ್ನೂ ಬಿತ್ತಿದೆವು. ನೀನು ಕಾಂಗ್ರೆಸ್, ನಾನು ಜನತಾ ಎಂಬುದು ಆಗಲೂ ಇತ್ತು. ಆದರೆ ನೀನು ಮಂಡಲ ಪಂಚಾಯತಿಗೆ ಗೆದ್ದ ದಿನ ನಿನ್ನ ಮಂದಿ ನನ್ನ ಬಾಗಿಲ ಮುಂದೆಯೇ ಹಲಗೆ ಬಾರಿಸಿದರು. "ಇವನ ಎತ್ತಿಗೂ ಗುಲಾಲ ಹಚ್ಚರಲೇ, ಅದಾದ್ರೂ ನಮ್ಮ ಪಾರ್ಟಿಗೆ ಬರ್ಲಿ" ಅಂದವನು ನೀನು. ನನ್ನ ಕೈಹಿಡಿದ ನಿನ್ನ ತಂಗಿ ಸಂಜೆಯವರೆಗೂ ಎತ್ತಿನ ಕಣ್ಣಿಗೆ ಬಿದ್ದ ಗುಲಾಲ ತೊಳೆಯುತ್ತ ಕೂತಿದ್ದಳು.

ಮೊನ್ನೆ ಹೆಸರುಕಾಳು ಬಿತ್ತಲು ನಮ್ಮ ಓಣಿಯ ಈರಪ್ಪನ ಎತ್ತು ತಂದು ನನ್ನದರ ಜೊತೆ ಹೂಡಿದೆ. ನನ್ನದು ನೊಗ ಹೊತ್ತು ನಿಂತಲ್ಲೇ ನಿಂತಿತು. ಬಾರುಕೋಲಿನಿಂದ ಬಾರಿಸಿದೆ, ಕದಲಲಿಲ್ಲ.

ಬಿತ್ತಲು ಟ್ರ್ಯಾಕ್ಟರ್ ಹೇಳಿದ್ದೇನೆ. ಬರುವ ಅಣ್ಣಿಗೇರಿ ಸಂತೆಯಲ್ಲಿ ಎತ್ತು ಮಾರುತ್ತೇನೆ. ನಿನ್ನದನ್ನೂ ಹೊಡೆದುಕೊಂಡು ಬಾ, ಎರಡನ್ನೂ ಒಬ್ಬನೇ ಕೊಳ್ಳಲಿ. ದಾರಿಯಲ್ಲಿ ಮಾತು ಬೇಡ. "ಇಂಥಾ ಜೋಡಿ ಯಾಕ ಮಾರ್ತೀರಿ?" ಎಂದು ಕೊಳ್ಳುವವನು ಕೇಳಿಯೇ ಕೇಳುತ್ತಾನೆ. ಉತ್ತರ ನೀನೇ ಹೇಳು. ಗೆದ್ದವನು ನೀನು.

ಇತಿ,
ಬಾಜು ಮನೆಯ
ಅಮೋಘಸಿದ್ದಪ್ಪ